ಚಿಕ್ಕಮ್ಮನ ಜೀಪಿಗೊಂದು ಎಂಜಿನ್

ಪುತ್ತೂರಿನ ಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ದೊಡ್ಡದೇನಲ್ಲ. ಒಳಗೆ ಹೊಲಿಗೆ ಮೆಷಿನ್ನುಗಳು, ಹೊರಗೆ ನಾನು. ಹೊಲಿಯಲು ನನಗೆ ಬರುವುದಿಲ್ಲ. ಮೆಷಿನ್ನಿಗೆ ಎಣ್ಣೆ ಬಿಡಲು ಮಾತ್ರ ಬರುತ್ತದೆ, ಆ ಒಂದು ಗೌರವವನ್ನು ಈವರೆಗೆ ಯಾರಿಗೂ ಬಿಟ್ಟುಕೊಟ್ಟಿಲ್ಲ. ನಿನ್ನೆ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಹಳೇ ಬನಿಯನ್ ತುಂಡಿನಿಂದ ಒರೆಸಿ, ಆ ತುಂಡನ್ನು ಸುಮ್ಮನೆ ಮೂಗಿನ ಹತ್ತಿರ ಹಿಡಿದೆ. ಯಾಕೆ ಹಿಡಿದೆ ಎಂದು ಕೇಳಬೇಡಿ, ಕೆಲಸವಿಲ್ಲದವನ ಕೈ ಎಲ್ಲೆಲ್ಲಿಗೋ ಹೋಗುತ್ತದೆ. ಎಣ್ಣೆ, ಕಬ್ಬಿಣ, ಹಳೇ ಬಟ್ಟೆ ಸೇರಿದ ಆ ವಾಸನೆ ಬಂದದ್ದೇ ತಡ, ನಾನು ಅಂಗಡಿಯಲ್ಲಿರಲಿಲ್ಲ. ಹಸನಾಕನ ಗುಜರಿ ಅಂಗಳದಲ್ಲಿ, ಸವೆದ ಲಾರಿ ಟಯರೊಂದರ ಮೇಲೆ ಕೂತಿದ್ದೆ. ಪಕ್ಕದ ಟಯರಿನ ಮೇಲೆ ನನ್ನ ಚಿಕ್ಕಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎದುರಿಗೆ ಬಿದ್ದಿದ್ದ ಸತ್ತ ಎಂಜಿನ್ನೊಂದನ್ನು ದಿಟ್ಟಿಸುತ್ತಿದ್ದರು.

ಎಂಜಿನ್ನಿನ ವಿಷಯದಲ್ಲಿ ನನ್ನ ತಿಳಿವಳಿಕೆ ಬಹಳ ಕಮ್ಮಿ ಎಂದು ಮೊದಲೇ ಹೇಳಿಬಿಡುತ್ತೇನೆ. ನನಗೂ ವಾಹನಗಳಿಗೂ ಇರುವುದು ನಿದ್ದೆಯ ಸಂಬಂಧ. ಬಸ್ಸಾಗಲಿ, ರಿಕ್ಷಾವಾಗಲಿ, ಹತ್ತಿ ಕೂತು ಅದು ಹೊರಟಿತೆಂದರೆ ನನ್ನ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಪುತ್ತೂರು, ಸುಳ್ಯ, ಕಡಬಗಳ ನಡುವಿನ ಇಷ್ಟೊಂದು ರಸ್ತೆಗಳನ್ನು ನಾನು ಅರೆಗಣ್ಣಿನಲ್ಲಿಯೇ ನೋಡಿದವನು. ಹಾಗಾಗಿ ನನ್ನ ನೆನಪಿನಲ್ಲಿ ಈ ಊರುಗಳ ನಡುವೆ ಸರಿಯಾದ ಗಡಿಗಳೇ ಇಲ್ಲ. ಒಂದು ತಿರುವಿನಲ್ಲಿ ಮುಚ್ಚಿದ ಕಣ್ಣು ಇನ್ನೊಂದು ತಾಲೂಕಿನಲ್ಲಿ ತೆರೆಯುತ್ತದೆ. ನಡುವೆ ಒಂದು ಸೇತುವೆ, ಯಾರದೋ ಅಂಗಳದಲ್ಲಿ ಒಣಗಲು ಹಾಕಿದ ಬಿಳಿ ರಬ್ಬರ್ ಶೀಟುಗಳು, ಮದರಸದಿಂದ ಬರುತ್ತಿರುವ ಮಕ್ಕಳ ಸಾಲು, ಮತ್ತೆ ಕತ್ತಲು. ನೀವು ನನ್ನ ಜೊತೆ ಬರುವುದಾದರೆ ಸ್ವಲ್ಪ ತೂಕಡಿಸುವುದಕ್ಕೂ ತಯಾರಿರಬೇಕು.

ಚಿಕ್ಕಮ್ಮನ ಹೆಸರು ವಾರಿಜಾ. ನನ್ನ ಅಮ್ಮನ ತಂಗಿ. ಕಡಬದಿಂದ ಸ್ವಲ್ಪ ಒಳಗೆ ಅವರ ಮನೆ. ಹಿತ್ತಿಲಿನಲ್ಲಿ ಹಸಿರು ಬಲೆ ಕಟ್ಟಿದ ನೆರಳಿನಡಿ ಕಾಳುಮೆಣಸಿನ ಗಿಡಗಳ ನರ್ಸರಿ. ಹಿಪ್ಪಲಿಯ ಬುಡಕ್ಕೆ ಕಾಳುಮೆಣಸಿನ ಕುಡಿಯನ್ನು ಕಸಿ ಕಟ್ಟಿ, ಅದು ಚಿಗುರಿದ ಮೇಲೆ ತೋಟದವರಿಗೆ ಮಾರುವುದು ಅವರ ಕಸುಬು. ಬ್ಲೇಡಿನಿಂದ ಬುಡವನ್ನು ಸೀಳಿ, ಕುಡಿಯ ತುದಿಯನ್ನು ಚೂಪು ಮಾಡಿ ಅದರೊಳಗೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ಸುತ್ತುವಾಗ ಉಸಿರು ಹಿಡಿಯುತ್ತಾರೆ, ಗಂಟು ಹಾಕಿದ ಮೇಲೆ ಬಿಡುತ್ತಾರೆ. ನಾನು ಅಲ್ಲಿ ಕೂತು ನೋಡುತ್ತಾ ನೋಡುತ್ತಾ ನನ್ನ ಉಸಿರನ್ನೂ ಹಿಡಿದು ಬಿಟ್ಟದ್ದುಂಟು.

ಗಿಡ ಮಾರಿ ಕೈತೊಳೆದುಕೊಳ್ಳುವ ಪೈಕಿ ಅಲ್ಲ ಅವರು. ಕೊಟ್ಟ ಗಿಡವನ್ನು ನೋಡಲು ಹೋಗುವುದು ಅವರ ಪದ್ಧತಿ. ಮಗಳನ್ನು ಕೊಟ್ಟ ಮನೆಗೆ ಹೋಗುವವರ ಹಾಗೆ ಬಿಸ್ಕೂಟಿನ ಪ್ಯಾಕೇಟು ಹಿಡಿದುಕೊಂಡೇ ಹೋಗುತ್ತಾರೆ. "ಗಿಡ ಕೊಟ್ರೆ ಆಯ್ತಾ? ಬುಡದಲ್ಲಿ ನೀರು ನಿಂತಿದ್ಯಾ, ಬಳ್ಳಿ ಮರಕ್ಕೆ ಹಿಡಿದಿದ್ಯಾ, ಎಂತ ಕತೆ ಅಂತ ನೋಡುದು ಬೇಡ್ವಾ?" ಎನ್ನುತ್ತಾರೆ. ನಮ್ಮಲ್ಲಿ ಮನೆಮಾತೆಲ್ಲ ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. ತುಳುವಿನಲ್ಲಿ ಅವರು ಇನ್ನೂ ಜೋರು. ಗಿಡ ಒಣಗಿಸಿದ ತೋಟದವರಿಗೆ ಅವರಿಂದ ಸಿಗುವ ಮಂಗಳಾರತಿಯನ್ನು ನಾನು ಬರೆಯದಿರುವುದೇ ಲೇಸು.

ಗುಡ್ಡದ ಮೇಲಿನ ತೋಟಗಳಿಗೆ ಬಸ್ಸಿಲ್ಲ. ರಿಕ್ಷಾದವರು ಅರ್ಧದಲ್ಲೇ ಇಳಿಸಿ ತಿರುಗಿಸುತ್ತಾರೆ. ಆದ್ದರಿಂದ ಜೀಪು. ಜೀಪೆಂದರೆ ಆ ಜನ ತುಂಬುವ ಉದ್ದದ ಸರ್ವಿಸ್ ಜೀಪಲ್ಲ. ಗಿಡ್ಡದ್ದು, ಪೆಟ್ರೋಲಿನದ್ದು, ಬೇಕಾದಾಗ ನಾಲ್ಕೂ ಚಕ್ರಗಳಿಂದ ಎಳೆಯುವಂಥದ್ದು, ಹಿಂದೆ ಟರ್ಪಾಲು ಹೊದೆಸಿದ್ದು. ತಂದದ್ದು ಚಿಕ್ಕಪ್ಪ. ಚಿಕ್ಕಮ್ಮ ಪುತ್ತೂರಿಗೆ ಬಂದು, ಡ್ರೈವಿಂಗ್ ಶಾಲೆಗೆ ಸೇರಿ, ನಮ್ಮ ಮನೆಯಲ್ಲೇ ಉಳಿದುಕೊಂಡು ಕಲಿತು ಲೈಸೆನ್ಸು ಮಾಡಿಸಿಕೊಂಡರು. ಚಿಕ್ಕಪ್ಪ ಬೇಡ ಎನ್ನಲಿಲ್ಲ. ಬೇಡ ಎನ್ನುವ ಅಭ್ಯಾಸವೇ ಆ ಸಾಧು ಮನುಷ್ಯನಿಗಿರಲಿಲ್ಲ. ಅವರು ತೀರಿಕೊಂಡ ಮೇಲೆ ಜೀಪು ಪೂರ್ತಿಯಾಗಿ ಚಿಕ್ಕಮ್ಮನದ್ದಾಯಿತು. ಗಿಡಗಳ ಟ್ರೇಗಳ ಜೊತೆ ಹಲವು ಸಲ ನನ್ನನ್ನೂ ಹಾಕಿಕೊಂಡು ಹೋಗಿದ್ದಾರೆ. ಗಿಡಗಳೂ ಅಲ್ಲಾಡುತ್ತಿದ್ದವು, ನಾನೂ ಅಲ್ಲಾಡುತ್ತಿದ್ದೆ. ನಮ್ಮಲ್ಲಿ ಮಾತಾಡುತ್ತಿದ್ದವರು ಚಿಕ್ಕಮ್ಮ ಒಬ್ಬರೇ.

ಹೋಗದ ಜಾಗವೆಂದರೆ ಒಂದೇ, ಐವರ್ನಾಡಿನ ಆಚೆಯ ಚೆನ್ನಪ್ಪ ಗೌಡರ ಏರು. ಗೌಡರ ಮನೆ ಗುಡ್ಡದ ನೆತ್ತಿಯಲ್ಲಿ. ಕಲ್ಲೆದ್ದ ಮಣ್ಣಿನ ದಾರಿ, ನಡುವೆ ಒಂದು ತಿರುವು, ತಿರುವಿನಲ್ಲೇ ಕಡಿದಾದ ಏರು. ಅಲ್ಲಿಗೆ ತಲುಪುವಾಗ ಜೀಪಿಗೆ ಉಸಿರು ಕಟ್ಟುತ್ತಿತ್ತು. ಫೋರ್ ವೀಲ್ ಹಾಕಿದರೂ ಅಷ್ಟೆ, ಗೊರ ಗೊರ ಎಂದು ನಿಂತುಬಿಡುವುದು. ಚಿಕ್ಕಮ್ಮ ಬ್ರೇಕು ತುಳಿದು, ಹಲ್ಲು ಕಚ್ಚಿ, ಹಿಮ್ಮುಖವಾಗಿಯೇ ಕೆಳಗಿಳಿಸುವರು. ಬೇರೆಯವರ ಜೀಪುಗಳು ಆ ಏರನ್ನು ಹತ್ತುವುದನ್ನು ಅವರೇ ಕಂಡಿದ್ದರು. ಹಾಗಾಗಿ ತಪ್ಪು ಯಾರದೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. "ನಂಗೆ ಬರುದಿಲ್ಲ, ಅಷ್ಟೆ. ಕೆಲವರಿಗೆ ಹೋಳಿಗೆ ಮಾಡ್ಲಿಕ್ಕೆ ಬರುದಿಲ್ಲ, ನಂಗೆ ಆ ಏರು ಬರುದಿಲ್ಲ." ಕೊನೆಕೊನೆಗೆ ಪ್ರಯತ್ನವನ್ನೇ ಬಿಟ್ಟಿದ್ದರು. ಕೆಳಗೆ ಮರದಡಿ ನಿಲ್ಲಿಸಿ ಹಾರ್ನ್ ಹೊಡೆದರೆ ಗೌಡರೂ ಅವರ ಹೆಂಡತಿ ಸೀತಮ್ಮನವರೂ ಬುಟ್ಟಿ ತಂದು ಗಿಡ ಹೊತ್ತುಕೊಂಡು ಹೋಗುವರು. ನಡೆದು ಹತ್ತೋಣವೆಂದರೆ ಚಿಕ್ಕಮ್ಮನ ಮೊಣಕಾಲು ಒಪ್ಪುತ್ತಿರಲಿಲ್ಲ.

"ಒಮ್ಮೆ ಮೇಲೆ ಬನ್ನಿ ವಾರಿಜಕ್ಕ, ನಿಮ್ಮ ಬಳ್ಳಿ ಹೇಗಾಗಿದೆ ನೋಡಿ" ಎಂದು ಸೀತಮ್ಮ ಪ್ರತಿ ಸಲ ಕರೆಯುತ್ತಿದ್ದರು. "ನೋಡುವ, ನೋಡುವ" ಎಂದು ಚಿಕ್ಕಮ್ಮ ಬಿಸ್ಕೂಟಿನ ಪ್ಯಾಕೇಟನ್ನು ಅಲ್ಲಿಯೇ ಕೊಟ್ಟುಬಿಡುತ್ತಿದ್ದರು. ಊರಿಗೆಲ್ಲ ಗದರಿಸುವ ಹೆಂಗಸು ಆ ಮರದಡಿಯಲ್ಲಿ ಮಾತ್ರ ಮುಖ ಸಣ್ಣ ಮಾಡಿಕೊಂಡು ಸ್ಟೇರಿಂಗ್ ಒರೆಸುತ್ತಾ ಕೂರುವುದನ್ನು ನೋಡಿದರೆ ನನಗೆ ಒಳಗೊಳಗೇ ಬೇಜಾರಾಗುತ್ತಿತ್ತು.

ಜೀಪು ಸತ್ತದ್ದು ಒಂದು ಬೇಸಗೆಯಲ್ಲಿ. ಸುಳ್ಯದ ಕಡೆಯಿಂದ ವಾಪಸು ಬರುತ್ತಿದ್ದೆವು, ನಾನು ನಿದ್ದೆಯಲ್ಲಿದ್ದೆ. ಕನಸಿನಲ್ಲಿ ಯಾರೋ ದೊಡ್ಡ ಪಾತ್ರೆಯಿಂದ ಕುಚ್ಚಲಕ್ಕಿ ಗಂಜಿ ಬಸಿಯುತ್ತಿದ್ದರು. ಆವಿ ಮುಖಕ್ಕೆ ಹೊಡೆಯುತ್ತಿತ್ತು, ಹಿತವಾಗಿತ್ತು. ಕಣ್ಣು ತೆರೆದರೆ ಆವಿ ನಿಜವಾದದ್ದೇ, ಬಾನೆಟ್ಟಿನಿಂದ ಬರುತ್ತಿತ್ತು. "ಏಳು ಮಾರಾಯ, ಏಳು. ಗಂಟಲಲ್ಲಿ ಎಂತದೋ ಕಟ್ ಅಂತ ಹೇಳಿತು ಇದಕ್ಕೆ" ಎಂದರು ಚಿಕ್ಕಮ್ಮ. ಕಡಬದ ಮೆಕ್ಯಾನಿಕ್ಕು ಬಂದು ನೋಡಿ, ನೀರು ಸೋರಿ ಎಂಜಿನ್ ಕಾದಿದೆ, ಬ್ಲಾಕೇ ಒಡೆದಿದೆ, ಇದಕ್ಕಿನ್ನು ಮದ್ದಿಲ್ಲ, ಬೇರೆ ಎಂಜಿನ್ ಹುಡುಕಿ ಎಂದ.

ಚಿಕ್ಕಮ್ಮನ ಮಗ ದಿನೇಶ ಕಡಬದಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ತಾಯಿಯೆಂದರೆ ಪ್ರಾಣ ಅವನಿಗೆ. ಆದರೆ ಅವನ ಪ್ರೀತಿ ಹೊರಗೆ ಬರುವುದೆಲ್ಲ ಹೆದರಿಕೆಯಾಗಿಯೇ. ಅಮ್ಮ ಏಣಿ ಹತ್ತಿದರೆ ಹೆದರಿಕೆ, ಬಾವಿಗೆ ಬಗ್ಗಿದರೆ ಹೆದರಿಕೆ, ಜೀಪು ಹತ್ತಿದರಂತೂ ಕೇಳುವುದೇ ಬೇಡ.

"ಒಳ್ಳೇದೇ ಆಯ್ತಮ್ಮ" ಎಂದ. "ಇನ್ನು ಸಾಕು. ಪ್ರಾಯ ಆಗ್ಲಿಲ್ವಾ ನಿಂಗೆ? ಎಲ್ಲಿಗೆ ಹೋಗ್ಬೇಕೋ ಹೇಳು, ನಾನು ಕಾರಲ್ಲಿ ಕರ್ಕೊಂಡು ಹೋಗ್ತೇನೆ. ಗಿಡ ಬೇಕಾದವರು ಬಂದು ತಗೊಂಡು ಹೋಗ್ಲಿ."

"ಸತ್ತದ್ದು ಎಂಜಿನ್" ಎಂದರು ಚಿಕ್ಕಮ್ಮ. "ನಾನಲ್ಲ."

ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ದಿನೇಶ ಒಂದು ಕರಾರಿಗೆ ಬಂದ. ಮಳೆ ಹಿಡಿಯುವುದರೊಳಗೆ, ಅಂದರೆ ಗಿಡ ನೆಡುವ ಕಾಲ ಶುರುವಾಗುವ ಮೊದಲು, ಸರಿಯಾದ ಎಂಜಿನ್ ಸಿಕ್ಕಿದರೆ ಅವನೇ ನಿಂತು ಕೂರಿಸಿಕೊಡುವುದು. ಸಿಕ್ಕದಿದ್ದರೆ ಜೀಪು ಗುಜರಿಗೆ, ಚಿಕ್ಕಮ್ಮ ಮನೆಯಲ್ಲಿ. ಅಂಥ ಗಿಡ್ಡ ಜೀಪಿನ ಎಂಜಿನ್ ಈಗೆಲ್ಲಿ ಸಿಗುತ್ತದೆ ಎಂಬ ಧೈರ್ಯ ಅವನದು. ಚಿಕ್ಕಮ್ಮ ಒಪ್ಪಿದರು, ಆದರೆ ಆ ರಾತ್ರಿ ಊಟ ಮಾಡಲಿಲ್ಲವಂತೆ. ಜೀಪು ಹೋದರೆ ಅವರಿಗೆ ಹೋಗುವುದು ಬರೀ ಜೀಪಲ್ಲ ಎಂದು ನನಗೆ ಗೊತ್ತಿತ್ತು. ಯಾರ ಪುರುಸೊತ್ತಿಗೂ ಕಾಯದೆ ತನ್ನ ಗಿಡಗಳ ಹತ್ತಿರ ತಾನೇ ಹೋಗುವುದು, ಅದು ಹೋಗುತ್ತಿತ್ತು.

ಹಾಗೆ ನಾವು ಹಸನಾಕನಲ್ಲಿಗೆ ಬಂದೆವು. ನನ್ನನ್ನು ಯಾಕೆ ಜೊತೆಗೆ ಕರೆದುಕೊಂಡರೆಂದು ಕೇಳಿದ್ದಕ್ಕೆ, "ನೀನು ನಿದ್ದೆ ಮಾಡ್ತಿ, ಬುದ್ಧಿ ಹೇಳುದಿಲ್ಲ" ಎಂದರು ಚಿಕ್ಕಮ್ಮ. ಇದಕ್ಕಿಂತ ಒಳ್ಳೆಯ ಹೊಗಳಿಕೆ ನನಗೆ ಯಾರಿಂದಲೂ ಸಿಕ್ಕಿಲ್ಲ.

ಹಸನಾಕನ ಗುಜರಿ ಅಂಗಳವಿರುವುದು ಪುತ್ತೂರಿನ ಹೊರವಲಯದಲ್ಲಿ. ಸೌದಿಯ ಗ್ಯಾರೇಜೊಂದರಲ್ಲಿ ಬಹಳ ವರ್ಷ ದುಡಿದು ಬಂದವರು. ಬಿಳಿ ಟೊಪ್ಪಿ, ದಪ್ಪ ಕನ್ನಡಕ, ಯಾವ ಮಾತಿಗೂ ಅವಸರವಿಲ್ಲ. ಮನೆಯವರ ಹತ್ತಿರ ಬ್ಯಾರಿ ಭಾಷೆ, ಚಿಕ್ಕಮ್ಮನ ಹತ್ತಿರ ತುಳು, ಫೋನಿನಲ್ಲಿ ಮಲಯಾಳ. ನನ್ನ ಹತ್ತಿರ ಮಾತ್ರ, ನಾನು ಪೇಟೆಯವನೆಂದೋ ಏನೋ, ಕನ್ನಡ. ಆ ಅಂಗಳವನ್ನು ನೀವೊಮ್ಮೆ ನೋಡಬೇಕಿತ್ತು. ಬಾಗಿಲುಗಳೇ ಒಂದು ಕಡೆ, ಸ್ಟೇರಿಂಗುಗಳೇ ಒಂದು ಕಡೆ. ಬಸ್ಸಿನ ಸೀಟೊಂದು ಹಲಸಿನ ಮರದಡಿ ಬಸ್ಸಿಗೆ ಕಾಯುವ ಹಾಗೆ ಇತ್ತು. ವ್ಯಾನೊಂದರ ಒಡೆದ ಕಿಟಕಿಯೊಳಗೆ ಕುಂಬಳದ ಬಳ್ಳಿ ನುಗ್ಗಿ ಇನ್ನೊಂದು ಕಿಟಕಿಯಿಂದ ಹೊರಬಂದು ಹೂ ಬಿಟ್ಟಿತ್ತು. ಇಷ್ಟೊಂದು ಪ್ರಯಾಣ ಮಾಡಿದ ವಸ್ತುಗಳೆಲ್ಲ ಒಂದೇ ಕಡೆ ಸುಮ್ಮನೆ ಕೂತಿರುವುದನ್ನು ನೋಡಿ ನನಗೆ ಆಕಳಿಕೆ ಬಂತು.

ಜೀಪನ್ನು ಹಗ್ಗ ಕಟ್ಟಿ ಎಳೆಸಿ ತಂದಾಗಿತ್ತು. "ಯಾವ ಎಂಜಿನ್ ಬೇಕು ಅಂತ ಆಮೇಲೆ ಮಾತಾಡುವ ಅಕ್ಕ" ಎಂದರು ಹಸನಾಕ. "ಈಗ ಇದ್ದದ್ದು ಯಾವುದು ಅಂತ ಮೊದಲು ನೋಡುವ." ಎಂಜಿನ್ನನ್ನು ಇಳಿಸಿ, ಸೀಮೆಎಣ್ಣೆ ಸುರಿದು, ತಂತಿಯ ಬ್ರಷ್ಷಿನಿಂದ ವರ್ಷಗಳ ಮಣ್ಣು ಮಡ್ಡಿಯನ್ನು ಉಜ್ಜತೊಡಗಿದರು. ನಿಧಾನವಾಗಿ ಎರಕದ ಮೇಲೆ ಅಚ್ಚಾಗಿದ್ದ ಅಕ್ಷರಗಳು ಕಂಡವು. ಹಸನಾಕ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಆಮೇಲೆ ಎದ್ದು ಹೋಗಿ ಜೀಪಿನ ಖಾಲಿ ಬಾನೆಟ್ಟಿನೊಳಗೆ ಟಾರ್ಚು ಬಿಟ್ಟು ಬಗ್ಗಿದರು. ಬಹಳ ಹೊತ್ತು ಅಲ್ಲಿಂದ ತಲೆ ಎತ್ತಲಿಲ್ಲ.

"ಅಕ್ಕ, ಇದು ಈ ಜೀಪಿನ ಎಂಜಿನ್ ಅಲ್ಲ."

"ಮತ್ತೆ ಯಾರದ್ದು?"

"ಸಣ್ಣ ಕಾರಿಂದು. ಇಬ್ರೂ ನೋಡ್ಲಿಕ್ಕೆ ಅಣ್ಣತಮ್ಮನ ಹಾಗೆ ಉಂಟು, ಮೇಲಿಂದ ನೋಡಿದವನಿಗೆ ಗೊತ್ತಾಗುದಿಲ್ಲ. ಇಲ್ಲಿ ನೋಡಿ, ಇದು ಕೂತ್ಕೊಳ್ಳಿಕ್ಕೆ ಬೇರೆ ಬ್ರಾಕೆಟ್ ಮಾಡಿ ವೆಲ್ಡ್ ಮಾಡಿದ್ದಾರೆ. ಮೊದಲಿನದ್ದು ಕೂತಿದ್ದ ಬೋಲ್ಟಿನ ತೂತು ಇಲ್ಲಿ ಹಾಗೆಯೇ ಉಂಟು, ಪೈಂಟ್ ಹೊಡೆದು ಮುಚ್ಚಿದ್ದಾರೆ." ಹಸನಾಕ ಬ್ರಷ್ಷನ್ನು ಕೆಳಗಿಟ್ಟರು. "ಪೇಟೆಯಲ್ಲಿ ಮೆಲ್ಲ ಹೋಗ್ಲಿಕ್ಕೆ ಅಡ್ಡಿಲ್ಲ. ಆದ್ರೆ ಇದನ್ನು ಹಾಕಿಕೊಂಡು ನೀವು ಗುಡ್ಡ ಹತ್ತಿದ್ದಾ?"

"ಎಲ್ಲ ಗುಡ್ಡ ಹತ್ತಿದ್ದೇನೆ" ಎಂದರು ಚಿಕ್ಕಮ್ಮ. "ಒಂದು ಬಿಟ್ಟು."

"ಆ ಒಂದನ್ನು ಇದು ಹತ್ತುದೂ ಇಲ್ಲ. ಯಾರು ಕೂತ್ರೂ ಹತ್ತುದಿಲ್ಲ. ಉಳಿದದ್ದು ಹೇಗೆ ಹತ್ತಿಸಿದ್ರಿ ಅಂತ್ಲೇ ನಂಗೆ ಅರ್ಥ ಆಗುದಿಲ್ಲ."

ಯಾರು ಮಾಡಿಸಿದ್ದು, ಯಾವಾಗ ಎಂದು ಹಸನಾಕ ಕೇಳಿದರು. ಚಿಕ್ಕಮ್ಮ ಟಯರಿನಿಂದ ಎದ್ದು, ಜೀಪಿನ ಹತ್ತಿರ ಹೋಗಿ, ಆ ಮುಚ್ಚಿದ ತೂತಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಹೋಗುವ" ಎಂದರು.

ಕಡಬದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವರು, ಈಚೆ ನಾನು. ಆ ದಿನ ಮಾತ್ರ ನನಗೆ ನಿದ್ದೆ ಬರಲಿಲ್ಲ. ಬಹಳ ದೂರ ಹೋದ ಮೇಲೆ ಅವರೇ ಶುರು ಮಾಡಿದರು. ಲೈಸೆನ್ಸು ಸಿಕ್ಕಿದ ಹೊಸತರಲ್ಲಿ ಚಿಕ್ಕಪ್ಪ ಜೀಪನ್ನು ಸುಳ್ಯದ ಯಾವುದೋ ಗ್ಯಾರೇಜಿಗೆ ಬಿಟ್ಟಿದ್ದರಂತೆ. ಎಷ್ಟು ದಿನವಾದರೂ ಬರಲಿಲ್ಲ. ಕೊನೆಗೆ ಒಂದು ಸಂಜೆ ಅವರೇ ಓಡಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿ, "ಎಂಜಿನ್ ಮಾಡಿಸಿದ್ದೇನೆ ವಾರಿಜಾ. ಈಗ ಮೆತ್ತಗೆ ಹೋಗ್ತದೆ. ನಿಂಗೆ ಇಷ್ಟು ಸಾಕು" ಎಂದರಂತೆ.

"ನಂಗೋಸ್ಕರ ಮಾಡ್ಸಿದ್ದಾರೆ ಅಂತ ಎಷ್ಟು ಖುಷಿ ಆಗಿತ್ತು ಗೊತ್ತುಂಟಾ ನಂಗೆ" ಎಂದರು ಚಿಕ್ಕಮ್ಮ. "ನಂಗೋಸ್ಕರವೇ ಮಾಡ್ಸಿದ್ದು, ಹೌದು. ಬೇಡ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ ಅವರಿಗೆ. ಎಂಜಿನ್ನನ್ನೇ ಸಣ್ಣ ಮಾಡಿದ್ರು."

"ಅವರಿಗೆ ಹೆದರಿಕೆ ಆಗಿರ್ಬೇಕು, ಚಿಕ್ಕಮ್ಮ."

"ಹೆದರಿಕೆಯೇ. ನಂಗೆ ಹೆದರಿಕೆ ಇಲ್ಲ ಅಂತ ಅವರಿಗೆ ಹೆದರಿಕೆ. ಅದಕ್ಕೆ ಬೇಜಾರಿಲ್ಲ ನಂಗೆ. ಆದ್ರೆ ಆ ಗೌಡರ ಏರು ನಂಗೆ ಬರುದಿಲ್ಲ ಅಂತ ಅವರ ಎದುರಿಗೇ ಎಷ್ಟು ಸಲ ಹೇಳಿದ್ದೇನೆ ಮಾರಾಯ! ಊ ಅಂತ ಕೇಳಿಸ್ಕೊಂಡು ಕಾಫಿ ಕುಡೀತಾ ಇದ್ರು. ಇಲ್ಲ ವಾರಿಜಾ, ನಿಂಗೆ ಬರ್ತದೆ, ಜೀಪಿಗೆ ಬರುದಿಲ್ಲ ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ. ನಾನೇ ದಡ್ಡಿ ಅಂತ ಇಷ್ಟು ವರ್ಷ ನಂಬಿಕೊಂಡು ಕೂತೆ."

ಅವರ ಕಣ್ಣು ತುಂಬಿ ಬಂದಿತ್ತು. ನನಗೆ ಬಹಳ ಸಂಕಟವಾಯಿತು. ಚಿಕ್ಕಪ್ಪನ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಮಕ್ಕಳ ಸೈಕಲ್ಲನ್ನು ಹಿಂದಿನಿಂದ ಹಿಡಿದುಕೊಂಡು, ಬಿಟ್ಟಿದ್ದೇನೆಂದು ಸುಳ್ಳು ಹೇಳುತ್ತಾ ಓಡುತ್ತಿದ್ದ ಮನುಷ್ಯ ಅವರು. ಆ ಮಕ್ಕಳಲ್ಲಿ ನಾನೂ ಒಬ್ಬ. ಹೆಂಡತಿಯನ್ನೂ ಹಾಗೆಯೇ ಹಿಡಿದುಕೊಂಡಿದ್ದರೇನೋ. ಆದರೆ ಬಿಡುವುದನ್ನು ಮರೆತೇ ಹೊರಟುಹೋಗಿದ್ದರು.

ಮುಂದಿನ ದಿನಗಳು ಎಂಜಿನ್ ನೋಡುವುದರಲ್ಲಿ ಕಳೆದವು. ಹೆಣ್ಣು ನೋಡಲು ಹೋಗುವುದನ್ನು ಕಂಡಿದ್ದೇನೆ, ಎಂಜಿನ್ ನೋಡಲು ಹೋದದ್ದು ಅದೇ ಮೊದಲು. ಈ ಕಡೆ ಹಳೇ ಎಂಜಿನ್ನನ್ನು ತೋರಿಸುವ ಕ್ರಮ ಏನೆಂದರೆ, ಅದನ್ನು ನೆಲದ ಮೇಲೆ ಟಯರಿನೊಳಗೆ ಕೂರಿಸಿ, ಬ್ಯಾಟರಿಗೆ ತಂತಿ ಕೊಟ್ಟು, ಮೇಲಿನ ಕೊಂಬೆಗೋ ಮೊಳೆಗೋ ಪೆಟ್ರೋಲಿನ ಬಾಟಲಿ ನೇತುಹಾಕಿ ಓಡಿಸಿ ತೋರಿಸುತ್ತಾರೆ. ಚಕ್ರವಿಲ್ಲ, ಮೈಯಿಲ್ಲ, ಹೋಗುವ ಊರಿಲ್ಲ. ಆದರೂ ಅದು ಕೂತಲ್ಲಿಯೇ ಓಡುತ್ತಿರುತ್ತದೆ. ನಾವು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಕೇಳಬೇಕು. ಮೈಮರೆಸುವ ಸದ್ದು ಅದು.

ಜಾಲ್ಸೂರಿನಲ್ಲಿ ಒಂದು ಡೀಸೆಲ್ ಎಂಜಿನ್ ಇತ್ತು. ಇದನ್ನು ಹಾಕಿದರೆ ಜೀಪು ಮಡಿಕೇರಿಗೂ ಹಾರಿ ಹೋಗುತ್ತದೆ ಎಂದು ಅದರ ಮಾಲೀಕ ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಹೊಗಳಿದ. ಸ್ಟಾರ್ಟ್ ಮಾಡಿದಾಗ ಹತ್ತಿರದ ಗೂಡಂಗಡಿಯ ಗಾಜಿನ ಭರಣಿಗಳೆಲ್ಲ ನಡುಗಿದವು. "ಇದು ಜೀಪನ್ನು ಎಳೆಯುದಲ್ಲ, ಹರಿದು ತಿನ್ನುದು" ಎಂದು ಚಿಕ್ಕಮ್ಮ ಎದ್ದುಬಿಟ್ಟರು. ಇನ್ನೊಂದನ್ನು ದಿನೇಶನೇ ಸುಳ್ಯದಲ್ಲಿ ಹುಡುಕಿದ. ಸತ್ತುಹೋದ ಎಂಜಿನ್ನಿನ ಜಾತಿಯದ್ದೇ, ಸಣ್ಣ ಕಾರಿನದ್ದು, ಸ್ವಚ್ಛವಾಗಿ ತೊಳೆದಿಟ್ಟದ್ದು. ಇರುವ ಬ್ರಾಕೆಟ್ಟಿಗೆ ಹಾಗೆಯೇ ಕೂರುತ್ತದೆ, ಹೆಚ್ಚು ರಗಳೆಯಿಲ್ಲ. ಅವನಿಗೂ ಸಮಾಧಾನ, ಅಮ್ಮನಿಗೂ ಜೀಪು. ನಿಜ ಹೇಳುತ್ತೇನೆ, ನನಗೂ ಅದೇ ಸರಿ ಎನಿಸಿತ್ತು. ಆ ಎಂಜಿನ್ನಿನ ಸದ್ದು ನನಗೆ ಗುರುತಿನದ್ದು, ಎಷ್ಟು ವರ್ಷ ಅದರ ಮಡಿಲಲ್ಲಿ ಮಲಗಿದವನು ನಾನು. ಬುದ್ಧಿ ಹೇಳುವುದಿಲ್ಲವೆಂಬ ನನ್ನ ಒಳ್ಳೆ ಹೆಸರನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚಿ ಕೂತೆ.

ಅಷ್ಟರಲ್ಲಿ ಹಸನಾಕನಿಂದ ಫೋನು ಬಂತು. ಐವರ್ನಾಡಿನ ರಬ್ಬರ್ ತೋಟವೊಂದರಲ್ಲಿ ಇಂಥದ್ದೇ ಗಿಡ್ಡ ಜೀಪಿನ ಮೇಲೆ ಮರ ಬಿದ್ದು ಮೈಯೆಲ್ಲ ಅಪ್ಪಚ್ಚಿಯಾಗಿದೆ, ಎಂಜಿನ್ನಿಗೆ ಏನೂ ಆಗಿಲ್ಲ, ಬನ್ನಿ. ಚಿಕ್ಕಮ್ಮ, ನಾನು, ದಿನೇಶ ಹೋದೆವು. ಶೀಟುಗಳನ್ನು ಹೊಗೆಯಲ್ಲಿ ಒಣಗಿಸುವ ಮನೆಯ ಜಗಲಿಯಲ್ಲಿ ಅದನ್ನು ಇಳಿಸಿಟ್ಟಿದ್ದರು. ಹೊಗೆಯ ವಾಸನೆ, ರಬ್ಬರ್ ಎಲೆಗಳ ನಡುವಿನಿಂದ ಇಳಿದ ಬಿಸಿಲು, ಹಂಚಿನ ಕೆಳಗಿನ ಮರದ ಪಕಾಸಿಗೆ ನೇತುಹಾಕಿದ ಪೆಟ್ರೋಲಿನ ಬಾಟಲಿ. ಹಸನಾಕ ಮೊದಲು ಬ್ಲಾಕಿನ ಮೇಲಿನ ಅಕ್ಷರಗಳನ್ನು ಒರೆಸಿ ಓದಿದರು, ಬೋಲ್ಟಿನ ಜಾಗಗಳನ್ನು ಕೈಯಿಂದ ಮುಟ್ಟಿ ನೋಡಿದರು. "ಇದೇ ಅಕ್ಕ. ನಿಮ್ಮ ಜೀಪು ಹುಟ್ಟುವಾಗ ಇದ್ದ ಜಾತಿ" ಎಂದು ತಂತಿ ಮುಟ್ಟಿಸಿದರು.

ಅದು ಕೆಮ್ಮಿತು, ಒಮ್ಮೆ ನಿಂತಿತು, ಆಮೇಲೆ ಓಡತೊಡಗಿತು. ಸಣ್ಣದರ ಹಾಗೆ ಪುಟಪುಟ ಎನ್ನುವ ಸದ್ದಲ್ಲ, ಡೀಸೆಲಿನ ಅಬ್ಬರವೂ ಅಲ್ಲ. ಎದೆಯ ಆಳದಿಂದ ಬರುವ, ತುಂಬಿದ ಸದ್ದು. ಚಿಕ್ಕಮ್ಮ ಅದರ ಪಕ್ಕ ನೆಲದಲ್ಲೇ ಕೂತು ಅಂಗೈಯನ್ನು ಅದರ ಮೇಲಿಟ್ಟರು, ಕಣ್ಣು ಮುಚ್ಚಿಕೊಂಡರು. ಹಸನಾಕ ಸದ್ದು ಏರಿಸಿದರು, ಇಳಿಸಿದರು. ಬಿಸಿಲಿನ ಚುಕ್ಕೆಗಳು ಚಿಕ್ಕಮ್ಮನ ಸೀರೆಯ ಮೇಲೆ ಅಲುಗುತ್ತಿದ್ದವು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ನನಗೆ ಗೊತ್ತಾಗಲಿಲ್ಲ.

"ಇದು" ಎಂದರು ಚಿಕ್ಕಮ್ಮ.

ದಿನೇಶನ ಮುಖ ಬಿಳಿಚಿಕೊಂಡಿತು. "ಅಷ್ಟು ಶಕ್ತಿ ಯಾಕಮ್ಮ ನಿಂಗೆ? ಇಷ್ಟು ವರ್ಷ ಆ ಸಣ್ಣದ್ರಲ್ಲಿ ಹೋಗ್ಲಿಲ್ವಾ? ಸುಳ್ಯದ್ದು ಸಾಕಲ್ಲ."

"ಕಸಿ ಕಟ್ಟುವಾಗ ನಾನು ಎಂತ ನೋಡ್ತೇನೆ ಹೇಳು" ಎಂದರು ಚಿಕ್ಕಮ್ಮ. "ಬುಡವೂ ಕುಡಿಯೂ ಒಂದೇ ದಪ್ಪ ಇರ್ಬೇಕು. ಕುಡಿ ದಪ್ಪ ಆದ್ರೆ ಬುಡ ಸೀಳ್ತದೆ. ಸಪೂರ ಆದ್ರೆ ಒಳಗೆ ಕೂತು ಕೊಳೀತದೆ. ಜಾಲ್ಸೂರಿಂದು ದಪ್ಪ, ಸುಳ್ಯದ್ದು ಸಪೂರ. ಇದು ಈ ಜೀಪಿನ ಅಳತೆಯದ್ದು." ಸ್ವಲ್ಪ ತಡೆದು, "ನನ್ನ ಅಳತೆಯದ್ದೂ" ಎಂದು ಸೇರಿಸಿದರು.

"ಅಮ್ಮ, ನಂಗೆ ಹೆದರಿಕೆ ಆಗ್ತದೆ."

ಆ ಮಾತಿಗೆ ಚಿಕ್ಕಮ್ಮ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಬಂದು ಮಗನ ಕೆನ್ನೆ ಮುಟ್ಟಿದರು, ಅಂಗೈಯ ಮಸಿ ಅಂಟಿತು. "ನಿನ್ನ ಅಪ್ಪನಿಗೂ ಹೆದರಿಕೆಯೇ. ಅವರು ಅದನ್ನು ಗ್ಯಾರೇಜಿನವನ ಹತ್ರ ಹೇಳಿದ್ರು. ನೀನು ನನ್ನ ಹತ್ರ ಹೇಳ್ತಿದ್ದಿ, ಅಷ್ಟು ಒಳ್ಳೇದು. ಹೆದರು. ಹೆದರಿಕೊಂಡೇ ಕೂರಿಸಿಕೊಡು."

ದಿನೇಶ ಕೂರಿಸಿಕೊಟ್ಟ. ಹಸನಾಕ ವೆಲ್ಡ್ ಮಾಡಿದ ಬ್ರಾಕೆಟ್ಟುಗಳನ್ನು ಕತ್ತರಿಸಿ ತೆಗೆದು, ಮುಚ್ಚಿದ್ದ ತೂತುಗಳನ್ನು ಬಿಡಿಸಿದರು. ಎಂಜಿನ್ ಹಳೆಯ ಜಾಗಕ್ಕೆ ಇಳಿಯಿತು. ಪುತ್ತೂರಿನ ಆರ್‌ಟಿಒ ಕಚೇರಿಗೆ ಓಡಾಡಿ ಹೊಸ ಎಂಜಿನ್ನನ್ನು ಆರ್‌ಸಿಗೆ ಏರಿಸಿದ್ದೂ ದಿನೇಶನೇ.

ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾದ ದಿನ ಚಿಕ್ಕಮ್ಮ ನನ್ನನ್ನೂ ದಿನೇಶನನ್ನೂ ಹತ್ತಿಸಿಕೊಂಡು ಗೌಡರ ಏರಿನ ಬುಡಕ್ಕೆ ಬಂದರು. ಮರದಡಿಯಲ್ಲಿ ನಿಲ್ಲಿಸಲಿಲ್ಲ. ಫೋರ್ ವೀಲಿನ ಸಣ್ಣ ಗೇರನ್ನು ಎಳೆದು, "ಹಿಡ್ಕೊಳ್ಳಿ" ಎಂದರು. ದಿನೇಶ ಒಂದು ಕೈಯಲ್ಲಿ ಕಂಬಿಯನ್ನೂ ಇನ್ನೊಂದು ಕೈಯಲ್ಲಿ ನನ್ನನ್ನೂ ಹಿಡಿದುಕೊಂಡ. ತಿರುವು ಬಂತು. ಯಾವಾಗಲೂ ಉಸಿರು ಕಟ್ಟುತ್ತಿದ್ದ ಜಾಗ ಬಂತು. ಚಕ್ರ ಒಮ್ಮೆ ಜಾರಿತು. ಚಿಕ್ಕಮ್ಮ ಹಲ್ಲು ಕಚ್ಚಲಿಲ್ಲ, ಬಾಯಿ ತೆರೆದುಕೊಂಡೇ ಆಕ್ಸಿಲರೇಟರ್ ಒತ್ತಿದರು. ಜೀಪು ಕಲ್ಲುಗಳನ್ನು ಹಿಂದೆ ಎಸೆಯುತ್ತಾ ಮೇಲೆ ಮೇಲೆ ಹೋಯಿತು. ಎದುರಿನ ಗಾಜಿನಲ್ಲಿ ಮೊದಲು ಬರೀ ಕೆಂಪು ಮಣ್ಣು, ಆಮೇಲೆ ಬರೀ ಆಕಾಶ, ಆಮೇಲೆ ಗೌಡರ ಮನೆಯ ಹಂಚಿನ ಮಾಡು.

ಸೀತಮ್ಮ ಓಡಿ ಬಂದು ಚಿಕ್ಕಮ್ಮನ ಕೈ ಹಿಡಿದುಕೊಂಡರು. ಮನೆಯ ಹಿಂದೆ ಹಾಲುವಾಣದ ಮರಗಳು, ಅವುಗಳ ಮೈತುಂಬ ಕಾಳುಮೆಣಸಿನ ಬಳ್ಳಿ. ಏಣಿ ಇಟ್ಟರೂ ತುದಿ ಎಟುಕದಷ್ಟು ಎತ್ತರ. ಚಿಕ್ಕಮ್ಮ ಒಂದೊಂದರ ಬುಡಕ್ಕೂ ಬಗ್ಗಿ, ಎಲೆ ಸರಿಸಿ, ಕಸಿಯ ಗಂಟನ್ನು ಹುಡುಕಿ ಮುಟ್ಟಿದರು. ಅಷ್ಟು ದಪ್ಪವಾಗಿ ಬೆಳೆದಿದ್ದರೂ ತಾವು ಕಟ್ಟಿದ ಗಂಟು ಅವರಿಗೆ ಗುರುತು ಸಿಕ್ಕಿತು.

"ಇಷ್ಟು ದೊಡ್ಡವಾಗಿದ್ದಾವಾ ಇವು" ಎಂದರು. "ನಂಗೆ ಗೊತ್ತೇ ಇರ್ಲಿಲ್ಲ." ಮತ್ತೆ ಅಲ್ಲಿಯೇ ಮರಕ್ಕೆ ಒರಗಿ, ಮುಚ್ಚುಮರೆಯಿಲ್ಲದೆ ಅತ್ತುಬಿಟ್ಟರು. ದಿನೇಶನೂ ಅತ್ತ. ನಾನು ಗೌಡರ ಜೊತೆ ಬೆಳೆಯ ವಿಷಯ ಮಾತಾಡುವವನ ಹಾಗೆ ನಟಿಸಿದೆ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ನಿನ್ನೆ ನಾನು ಬನಿಯನ್ ತುಂಡು ಹಿಡಿದುಕೊಂಡು ಇಷ್ಟೆಲ್ಲ ನೆನೆಯುತ್ತಾ ಕೂತಿದ್ದಾಗ ದಿನೇಶನ ಫೋನು ಬಂತು. ಅಮ್ಮ ಬೆಳಿಗ್ಗೆ ಗಿಡ ತುಂಬಿಕೊಂಡು ಹೋದವರು, ಫೋನು ಸಿಗುತ್ತಿಲ್ಲ, ಪುತ್ತೂರಿಗೇನಾದರೂ ಬಂದಿದ್ದಾರಾ ಎಂದು ಕೇಳಿದ.

"ಯಾವುದಾದ್ರೂ ಏರಲ್ಲಿ ಇರ್ತಾರೆ ಮಾರಾಯ" ಎಂದೆ.

"ಯಾವ ಏರು?"

"ನಮಗೆ ಗೊತ್ತಿಲ್ಲದ್ದು."

"ಹುಡುಕಿಕೊಂಡು ಹೋಗ್ಬೇಕಾ?" ಎಂದು ಕೇಳಿದ. ಬೇಡ ಎಂದೆ. ಅವನಿಗೂ ಬೇಡವೆಂದೇ ಅನಿಸಿತ್ತು, ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತು ಅಷ್ಟೆ. ನಾವಿಬ್ಬರೂ ಹೆದರಿಕೊಂಡೇ ನಮ್ಮ ನಮ್ಮ ಅಂಗಡಿಯಲ್ಲಿ ಕೂತೆವು. ಹೆದರಿಕೊಂಡು ಸುಮ್ಮನೆ ಕೂರುವುದೂ ಒಂದು ಕೆಲಸ, ಅದನ್ನು ನಾವು ತಡವಾಗಿ ಕಲಿತದ್ದು.

ಸಂಜೆ ಅಂಗಡಿಯ ಬಾಗಿಲು ಎಳೆಯುವ ಹೊತ್ತಿಗೆ ಚಿಕ್ಕಮ್ಮನೇ ಫೋನು ಮಾಡಿದರು. ಗಾಳಿಯ ಸದ್ದಿನಲ್ಲಿ ಅರ್ಧ ಮಾತು ಕೇಳುತ್ತಿರಲಿಲ್ಲ. ಸುಬ್ರಹ್ಮಣ್ಯದ ಕಡೆ ಒಂದು ಹೊಸ ತೋಟಕ್ಕೆ ಬಂದಿದ್ದಾರಂತೆ, ಅಲ್ಲಿಂದ ನೋಡಿದರೆ ಊರೆಲ್ಲ ಕಾಣುತ್ತದಂತೆ.

"ನಿನ್ನ ಚಿಕ್ಕಪ್ಪ ಇದನ್ನು ನೋಡ್ಬೇಕಿತ್ತು" ಎಂದರು.

"ಅವರ ಮೇಲಿನ ಸಿಟ್ಟು ಹೋಯ್ತಾ ಹಾಗಾದ್ರೆ?"

"ಎಲ್ಲಿಗೆ ಹೋಗುದು? ಮೇಲೆ ಹೋಗಿ ಸಿಕ್ಕಿದ ಕೂಡ್ಲೆ ಅವರ ಹತ್ರ ಒಂದು ದೊಡ್ಡ ಜಗಳ ಮಾಡ್ಲಿಕ್ಕುಂಟು ನಂಗೆ" ಎಂದರು ಚಿಕ್ಕಮ್ಮ. "ಆದ್ರೆ ಅರ್ಜೆಂಟಿಲ್ಲ."